ಎದಕ್ಕ ಹಚ್ಚಾಕ್ರಿ ಇದನ್ನ?

ಯಾರಾದರೂ ಪೆನ್‌ಡ್ರೈವ್ ಹಿಡಿದುಕೊಂಡು ಬಂದರೆ ಅತ್ತಿಗೆಮ್ಮ ಕೂಡಲೇ ಕೈ ಚಾಚುತ್ತಿರಲಿಲ್ಲ. ಸೂಜಿಗೆ ಪೋಣಿಸುತ್ತಿದ್ದ ದಾರದ ತುದಿಯನ್ನು ತುಟಿಗಳ ನಡುವೆ ಹಿಡಿದು, ಕನ್ನಡಕದ ಮೇಲಿನಿಂದ ಬಂದವರ ಮುಖ ನೋಡಿ ಕೇಳುತ್ತಿದ್ದಳು.

"ಎದಕ್ಕ ಹಚ್ಚಾಕ್ರಿ ಇದನ್ನ?"

ಬಹಳ ಜನ ಅದನ್ನು ಯೋಚಿಸಿಯೇ ಇರುತ್ತಿರಲಿಲ್ಲ. ಹಾಡು ತುಂಬಿಸಿಕೊಂಡು ಹೋಗಲು ಬಂದವರು. ಎಲ್ಲಿ ಸಿಕ್ಕಿಸಬೇಕು ಎಂಬುದು ಮನೆಗೆ ಹೋದ ಮೇಲಿನ ಮಾತು ಎಂದುಕೊಂಡಿರುತ್ತಿದ್ದರು. ಒಮ್ಮೆ ವಡ್ಡೆಪಲ್ಲಿಯಿಂದ ಬಂದಿದ್ದ ಮುದುಕರೊಬ್ಬರಿಗೆ ಸಿಟ್ಟು ಬಂತು.

"ಭಜನಿ ಹಾಡು ಕೇಳಾಕವ್ವ. ಕಿವಿಲೇ ಕೇಳ್ತೀನಿ. ಮತ್ತೆದರ್ಲೇ ಕೇಳ್ಲಿ?"

"ಕಿವಿ ನನಗೂ ಕಾಣಸ್ತಾವ್ರೀ ಯಜಮಾನ್ರ," ಎಂದಳು ಅತ್ತಿಗೆಮ್ಮ. "ಕಿವಿಗಿಂತ ಮೊದಲ ಒಂದು ಡಬ್ಬಿ ಇರ್ತೈತಲ್ಲ, ಆ ಡಬ್ಬಿ ಯಾವುದು? ಟ್ರ್ಯಾಕ್ಟರಿಂದೋ, ಟಿವಿನೋ, ಗುಡಿ ಮೈಕಿಂದೋ?"

"ಮೊಮ್ಮಗಳು ತಂದುಕೊಟ್ಟ ಕೆಂಪು ಡಬ್ಬಿ. ರೇಡಿಯೋ ಇದ್ದಂಗೈತಿ."

"ಹಾಂ, ಈಗ ಹೇಳಿದ್ರಿ ನೋಡ್ರಿ." ಆಗ ಕೈ ಚಾಚಿದಳು.

ಅತ್ತಿಗೆಮ್ಮನ ಹೆಸರು ಬಸಲಿಂಗಮ್ಮ. ನಮ್ಮಣ್ಣನ ಹೆಂಡತಿ. ಅಣ್ಣನಿಗೆ ಶೇಂಗಾ ಮಿಲ್ಲಿನಲ್ಲಿ ಕೆಲಸ. ಅತ್ತಿಗೆಮ್ಮ ತೆಲುಗು ಸೀಮೆಯ ಮಕ್ತಲ್‌ನಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರವಿಕೆಗಳ ಮೇಲೆ ಹೂವು ಬಳ್ಳಿ ಹಾಕುವ ಕಂಪ್ಯೂಟರ್ ಕಸೂತಿ ಯಂತ್ರ ಇಟ್ಟುಕೊಂಡಿದ್ದಳು. ಕಂಪ್ಯೂಟರ್ ಇದ್ದುದರಿಂದ ಓಣಿಯವರೂ ಸುತ್ತಲಿನ ಊರಿನವರೂ ಹಾಡು ಹಾಕಿಸಿಕೊಳ್ಳಲು ಬರುತ್ತಿದ್ದರು. ಅದು ಅವಳ ಕಸುಬಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸಲು ಅವಳಿಗೆ ಬರುತ್ತಿರಲಿಲ್ಲ, ಅಷ್ಟೆ.

ಯಂತ್ರ ರಾಯಚೂರಿನಲ್ಲಿ ಯಾರೋ ಬಳಸಿ ಬಿಟ್ಟದ್ದು. ಪಕ್ಕದ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ, ಅದನ್ನು ಪೆನ್‌ಡ್ರೈವಿಗೆ ಹಾಕಿ, ಯಂತ್ರದ ಪಕ್ಕೆಗೆ ಸಿಕ್ಕಿಸಬೇಕು. ಯಂತ್ರದ ಸ್ವಂತ ನೆನಪು ಎಂದೋ ಕೆಟ್ಟುಹೋಗಿತ್ತು. "ಕರೆಂಟ್ ಹೋಗಿ ಬಂದ್ರ ಇದಕ್ಕ ನಾನ್ಯಾರಂತನೂ ಗೊತ್ತಿರಂಗಿಲ್ಲ. ದಿನಾ ಹೊಸದಾಗಿ ನೆಂಟಸ್ತನ ಮಾಡ್ಬೇಕು," ಎನ್ನುತ್ತಿದ್ದಳು. ಅದು ಎಲ್ಲ ಪೆನ್‌ಡ್ರೈವನ್ನೂ ಒಪ್ಪುತ್ತಿರಲಿಲ್ಲ. ಹಿಡಿಸುವುದರಲ್ಲಿ ಸಣ್ಣದಿರಬೇಕು, ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿರಬೇಕು. ನಾರಾಯಣಪೇಟೆಯಲ್ಲಿ ಅವಳಿಗೆ ಈ ಕೆಲಸ ಕಲಿಸಿದ ಹುಡುಗಿ 'ಫ್ಯಾಟ್ ಥರ್ಟಿಟೂ ಆರಿಸಿಕೊಳ್ಳಿ' ಎಂದಷ್ಟೇ ಹೇಳಿದ್ದಳಂತೆ. ಯಾಕೆಂದು ಹೇಳಿರಲಿಲ್ಲ. ಅತ್ತಿಗೆಮ್ಮ ಒಂದೊಂದನ್ನೂ ಮಾಡಿ ನೋಡಿ ತಾನೇ ತಿಳಿದುಕೊಂಡಳು. ನನಗೆ ಹೇಳಿಕೊಟ್ಟದ್ದು ಹೀಗೆ:

"ಪೆನ್‌ಡ್ರೈವ್ ಅಂದ್ರ ಖಾಲಿ ಮನಿ. ಒಳಗ ಗೂಡು, ನಾಗೊಂದಿಗಿ ಹೆಂಗ ಹಾಕಸ್ತಿ ಅನ್ನೋದು ಫಾರ್ಮ್ಯಾಟ್. ಸಾಮಾನು ಹುಡುಕಾಕ ಬಂದಾಕಿಗೆ ಗೂಡು ಎಲ್ಲೈತಂತ ತಿಳೀಬೇಕಲ್ಲ. ಎನ್‌ಟಿಎಫ್‌ಎಸ್ ಅಂತ ಒಂದೈತಿ, ಅದು ಕಂಪ್ಯೂಟರಿಗೆ ಭಾಳ ಸೇರತೈತಿ, ನಮ್ಮ ಮಿಷಿನ್ನಿಗೆ ತಲಿಗೆ ಹೋಗಂಗಿಲ್ಲ. ಎಕ್ಸ್‌ಫ್ಯಾಟ್ ಐತಿ, ಅದು ಹೊಸ ಟಿವಿ, ಹೊಸ ಫೋನಿಗೆ. ಈ ಫ್ಯಾಟ್ ಥರ್ಟಿಟೂ ಹಳೇದು. ಹೆಚ್ಚುಕಡಿಮಿ ಎಲ್ಲಾ ಡಬ್ಬಿಗೂ ತಿಳಿತೈತಿ. ಆದ್ರ ಒಂದ ದೊಡ್ಡ ಮೂಟಿ ಹೊರಿಸಿದ್ರ ಎತ್ತಂಗಿಲ್ಲ. ಸಣ್ಣ ಸಣ್ಣ ಗಂಟು ಎಷ್ಟರ ಕೊಡು, ಹೊರತೈತಿ."

ಅವಳ ಮಾತೂ ಎದುರಿಗೆ ಇದ್ದವರನ್ನು ನೋಡಿ ಬದಲಾಗುತ್ತಿತ್ತು. ಮನೆಯಲ್ಲಿ ಕನ್ನಡ. ಬಸ್ಸು ಹತ್ತಿದರೆ ತೆಲುಗು. ಗದ್ವಾಲಿನ ದಾರದ ಅಂಗಡಿಯ ಮೆಟ್ಟಿಲು ಹತ್ತುತ್ತಲೇ ಉರ್ದು. ನಡುವೆ ಉಸಿರು ತೆಗೆದುಕೊಂಡದ್ದೂ ನಮಗೆ ಕಾಣುತ್ತಿರಲಿಲ್ಲ.

ನನ್ನ ಗಂಡ ತೀರಿಕೊಂಡ ಮೇಲೆ ನಾನು ಕೆ.ಟಿ. ದೊಡ್ಡಿಯಿಂದ ತವರಿಗೆ ಬಂದೆ. ಮನೆಗೆ ಬಂದವರೆಲ್ಲ, ಹೆಂಗಾತು, ಮುಂದ ಏನು ಮಾಡ್ತಿ, ಇಲ್ಲೇ ಇರ್ತೀಯೇನು ಎಂದು ಕೇಳಿದರು. ಅತ್ತಿಗೆಮ್ಮ ನನ್ನ ಚೀಲ ಒಳಗಿಟ್ಟು ಬಂದು ಕೇಳಿದ್ದು ಒಂದೇ.

"ಕೈ ಹೊಲಿಗಿ ಬರ್ತೈತೋ, ಕಾಲು ಮಿಷಿನ್ ಬರ್ತೈತೋ?"

"ಕೈ ಹೊಲಿಗಿ," ಎಂದೆ.

ಮರುದಿನ ಬೆಳಿಗ್ಗೆ ಕಸೂತಿ ಯಂತ್ರದ ಪಕ್ಕದಲ್ಲಿ ಒಂದು ಗಿಡ್ಡ ಸ್ಟೂಲು ಇತ್ತು. ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವಂತೆ ಇಟ್ಟಿದ್ದಳು. ಅಂಚು ಮಡಚುವುದು, ಗುಂಡಿ ಹಚ್ಚುವುದು, ಮಣಿ ಕೂಡಿಸುವುದು ನನ್ನ ಪಾಲಿಗೆ ಬಂತು. ಇಲ್ಲೇ ಇರುತ್ತೇನೆಯೇ ಎಂದು ಆಮೇಲೂ ಅವಳು ಕೇಳಲಿಲ್ಲ.

ಒಂದು ಸಲ ಮಾತ್ರ ಅವಳ ಲೆಕ್ಕ ತಪ್ಪಿದ್ದನ್ನು ನೋಡಿದೆ. ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬರು ಮಗಳ ಮದುವೆಯ ವಿಡಿಯೋ ತಂದಿದ್ದರು. ಬಹಳ ಉದ್ದದ ವಿಡಿಯೋ. ಟಿವಿಯಲ್ಲಿ ನೋಡಬೇಕು, ಟಿವಿ ಹಳೆಯದು ಎಂದರು. ಅತ್ತಿಗೆಮ್ಮ ಹಳೆಯ ರೀತಿಯ ಫಾರ್ಮ್ಯಾಟೇ ಮಾಡಿ, ವಿಡಿಯೋವನ್ನು ಎರಡು ತುಂಡು ಮಾಡಿ ಹಾಕಿಕೊಟ್ಟಳು. ಸಂಜೆ ಫೋನು ಬಂತು. ಅವರ ದನಿ ನನ್ನ ಸ್ಟೂಲಿನವರೆಗೂ ಕೇಳುತ್ತಿತ್ತು.

"ಏನವ್ವ ಬಸಲಿಂಗಮ್ಮ, ನನ್ನ ಮಗಳ ತಾಳಿ ಅರ್ಧಕ್ಕ ನಿಂದ್ರಿಸಿಯಲ್ಲ! ಅಳಿಯ ಕೈ ಮ್ಯಾಲೆತ್ತ್ಯಾನ, ಟಿವಿ ಕರ್ರಗಾಗೇತಿ. ಬೀಗರೆಲ್ಲ ಬಾಯಿ ತಕ್ಕೊಂಡು ಕುಂತಾರ."

"ಎರಡನೇದು ಒತ್ರೀ. ಅದರಾಗ ಕಟ್ಟತಾನ."

"ಒಂದರಾಗ ಹಾಕಾಕ ಬರ್ತಿದ್ದಿಲ್ಲೇನು?"

"ಬರ್ತಿತ್ರೀ. ನಿಮ್ಮ ಟಿವಿಗೆ ಓದಾಕ ಬರ್ತಿದ್ದಿಲ್ಲ. ಹೆಂಗೂ ಬೀಗರು ಕುಂತಾರಲ್ಲ, ಅಷ್ಟರಾಗ ಒಂದೊಂದು ಚಾ ಕೊಡ್ರಿ."

ನಾನು ನಕ್ಕೆ. ಫೋನು ಇಟ್ಟ ಮೇಲೆ ಅವಳು ನಗಲಿಲ್ಲ. "ನಡುವಿಗೆ ಸರಿಯಾಗಿ ಕೊಯ್ದೆ, ಅಲ್ಲೇನೈತಂತ ನೋಡಲಿಲ್ಲ," ಎಂದಳು. ಮರುದಿನ ಅವರೇ ಬೇಡವೆಂದರೂ ಪೆನ್‌ಡ್ರೈವ್ ವಾಪಸು ತರಿಸಿಕೊಂಡು, ತಾಳಿ ಕಟ್ಟಿ, ಅಕ್ಷತೆ ಬಿದ್ದು, ಗಲಾಟೆಯೆಲ್ಲ ಒಂದಿಷ್ಟು ಇಳಿದ ಮೇಲೆ ಕೊಯ್ದು ಕೊಟ್ಟಳು.

ಇನ್ನು ಅವಳ ಸ್ವಂತ ಪೆನ್‌ಡ್ರೈವಿನ ಮಾತು. ಅದು ಉಗುರಿನಷ್ಟೇ ಸಣ್ಣದು, ಯಂತ್ರ ಮರುಮಾತಿಲ್ಲದೆ ಒಪ್ಪುತ್ತಿದ್ದದ್ದು ಅದೊಂದನ್ನೇ. ಮಹಾನವಮಿಯ ದಿನ ಮನೆಯ ಕತ್ತರಿ, ಕುಡುಗೋಲು, ಯಂತ್ರಗಳಿಗೆಲ್ಲ ಪೂಜೆ ಮಾಡುವಾಗ ಅಣ್ಣ ಅದನ್ನೂ ಬಿಡಲಿಲ್ಲ. ಯಂತ್ರದ ಹಣೆಗೆ ಮೂರು ಬೆರಳ ವಿಭೂತಿ ಎಳೆದು, ಪೆನ್‌ಡ್ರೈವಿನ ಲೋಹದ ತುದಿಗೂ ಒದ್ದೆ ವಿಭೂತಿ, ಕುಂಕುಮ ಮೆತ್ತಿಟ್ಟ. ಮರುದಿನ ಅದನ್ನು ಸಿಕ್ಕಿಸಿದರೆ ಯಂತ್ರ ಸುಮ್ಮನೆ ನಿಂತಿತು.

"ಹಣಿಗೆ ಹಚ್ಚಂದ್ರ ಬಾಯಿಗೆ ಹಚ್ಚೀರಲ್ರೀ," ಎಂದಳು ಅತ್ತಿಗೆಮ್ಮ.

"ಅದರ ಹಣಿ ಯಾವುದು, ಬಾಯಿ ಯಾವುದು ನನಗೇನು ಗೊತ್ತು?" ಎಂದ ಅಣ್ಣ. "ಎರಡೂ ಕಡೆ ಒಂದ ಥರ ಐತಿ."

ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅದನ್ನು ತಿಕ್ಕಿ ತಿಕ್ಕಿ ಸರಿ ಮಾಡಿದಳು. ಅವತ್ತೇ ಮಿಕ್ಕ ಕಾವಿ ಬಟ್ಟೆಯಲ್ಲಿ ಒಂದು ಪುಟ್ಟ ಚೀಲ ಹೊಲಿದು, ಪೆನ್‌ಡ್ರೈವ್ ಅದರೊಳಗೆ ಹಾಕಿ, ಕೊರಳಲ್ಲಿದ್ದ ಶಿವದಾರಕ್ಕೇ ಗಂಟು ಹಾಕಿಕೊಂಡಳು. ಲಿಂಗದ ಕರಡಿಗೆಯ ಪಕ್ಕದಲ್ಲಿ ಅದು ತೂಗುತ್ತಿತ್ತು. ಕೆಲಸ ಇದ್ದಾಗ ತೆಗೆದು ಸಿಕ್ಕಿಸುವುದು, ಮುಗಿದ ಮೇಲೆ ಚೀಲಕ್ಕೆ ಹಾಕಿ ಸೆರಗಿನೊಳಗೆ ಬಿಡುವುದು. "ಇಲ್ಲಿಗಂತೂ ನಿಮ್ಮ ಕೈ ಬರಂಗಿಲ್ಲ," ಎಂದು ಅಣ್ಣನಿಗೆ ಹೇಳಿದಳು. ನಾನು ಇದ್ದೇನೆ ಎಂಬುದು ಆಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ಮಗಳು ಭಾಗ್ಯಳ ಮದುವೆ ಗೊತ್ತಾದಾಗ ಅತ್ತಿಗೆಮ್ಮ ಬೇರೆಯವರ ರವಿಕೆಗಳನ್ನು ಬದಿಗಿಟ್ಟಳು. ನಾರಾಯಣಪೇಟೆ ಕಡೆಯ ಮದ್ದೂರಿನ ತನ್ನ ತವರು ಮನೆಯ ಬಾಗಿಲಿನ ಮೇಲೆ ಕೆತ್ತಿದ ಒಂದು ಗಿಳಿ ಇದೆ, ಅದನ್ನೇ ಹಾಕುತ್ತೇನೆ ಎಂದಳು. ಕಂಪ್ಯೂಟರಿನ ಮುಂದೆ ಕೂತು ಎಷ್ಟೋ ದಿನ ತಿದ್ದಿದಳು. ಗಿಳಿ ಸ್ವಲ್ಪ ದಪ್ಪಗೆ ಬಂತು.

"ಗಿಳಿ ಅಂದಿದ್ದಿ, ಕೋಳಿ ಬಂದೈತಲ್ಲ," ಎಂದ ಅಣ್ಣ.

"ಮದ್ದೂರು ಗಿಳಿ ಹಿಂಗ ಇರ್ತಾವ್ರೀ. ಹೊಟ್ಟಿ ತುಂಬ ತಿಂತಾವ."

ಎರಡು ತೋಳಿಗೆ ಎರಡು ಗಿಳಿ. ಮದುಮಗಳು ಹಿರಿಯರಿಗೆ ಶರಣು ಮಾಡಲು ಕೈ ಜೋಡಿಸಿದಾಗ ಎರಡೂ ಗಿಳಿಗಳ ಕೊಕ್ಕು ಒಂದಕ್ಕೊಂದು ಎದುರಾಗಬೇಕು. ಅದು ಅವಳ ಆಸೆ. ಅದಕ್ಕಾಗಿ ಭಾಗ್ಯಳನ್ನು ನಿಲ್ಲಿಸಿ, ಕೈ ಜೋಡಿಸು, ಇಳಿಸು, ಮತ್ತೆ ಜೋಡಿಸು ಎಂದು ಸುಣ್ಣದ ಕಡ್ಡಿಯಿಂದ ತೋಳಿನ ಮೇಲೆ ಗುರುತು ಹಾಕಿದಳು.

"ಎಷ್ಟು ಸಲ ಶರಣು ಮಾಡ್ಲವ್ವ? ನಿನ್ನ ಮಿಷಿನ್ನಿಗೇ ಅಷ್ಟು ಸಲ ಮಾಡಿಲ್ಲ ನಾನು," ಎಂದಳು ಭಾಗ್ಯ.

ಒಂದು ತೋಳು ಮುಗಿಯಿತು. ಹಸಿರು ರೇಷ್ಮೆಯ ಮೇಲೆ ಜರಿಯ ಗಿಳಿ. ಅತ್ತಿಗೆಮ್ಮ ಚೌಕಟ್ಟಿನಿಂದ ಬಟ್ಟೆ ಬಿಡಿಸಿ, ಪೆನ್‌ಡ್ರೈವ್ ಚೀಲಕ್ಕೆ ಹಾಕಿಕೊಂಡು, ಹಣೆ ಒತ್ತಿಕೊಂಡಳು. ತಲೆ ನೋಯುತ್ತಿದೆ ಎಂದಳು.

"ಇನ್ನೊಂದು ತೋಳು ಚಾ ಕುಡದು ಹಾಕೋಣಂತ. ಎರಡನೇದಕ್ಕ ಕನ್ನಡಿ ಗುಂಡಿ ಒತ್ತಬೇಕು, ನೆಪ್ಪು ಮಾಡು. ಇಲ್ಲಂದ್ರ ಗಿಳಿ ಬೆನ್ನು ತಿರುವಿ ಕುಂದರತೈತಿ."

ನಾನು ಚಹಾ ಇಡಲು ಹೋದೆ. ತಂದಾಗ ಅವಳು ಯಂತ್ರದ ಮೇಲೆ ತಲೆಯಿಟ್ಟಿದ್ದಳು.

ರಾಯಚೂರಿಗೆ ಕರೆದುಕೊಂಡು ಹೊರಟೆವು. ಕಾರಿನಲ್ಲಿ ತಲೆ ನನ್ನ ತೊಡೆಯ ಮೇಲಿತ್ತು. ಅವಳ ಕೈ ಕೊರಳ ಹತ್ತಿರ ಇತ್ತು. ಲಿಂಗವನ್ನು ಹಿಡಿದಿದ್ದಳೋ, ಆ ಚೀಲವನ್ನೋ ನನಗೆ ಗೊತ್ತಿಲ್ಲ. ಎರಡೂ ಅಲ್ಲೇ ಇದ್ದವು. ತಲೆಯೊಳಗೆ ರಕ್ತ ಒಡೆದಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅವಳು ಮತ್ತೆ ಮಾತಾಡಲಿಲ್ಲ. ಮರುದಿನ ಉಸಿರು ನಿಂತಿತು, ಅವಳನ್ನು ವಾಪಸು ಕರೆದುಕೊಂಡು ಬಂದೆವು.

ಅವತ್ತಿನ ದಿನ ನನಗೆ ತುಂಡು ತುಂಡಾಗಿ ನೆನಪಿದೆ. ಓಣಿಯ ಹಿರಿಯಳು ಸಂಗಮ್ಮ ಮೈ ತೊಳೆಸಿದಳು. ಹಸಿರು ಸೀರೆ ಉಡಿಸಿದರು, ಬಳೆ ಇಟ್ಟರು. ಹೆಂಗಸರು ಒಬ್ಬೊಬ್ಬರಾಗಿ ಉಡಿ ತುಂಬಿದರು. ಉಡಿಗೆ ಹಾಕಲು ರವಿಕೆ ಬಟ್ಟೆ ತಾ ಎಂದು ಯಾರೋ ನನ್ನನ್ನು ಕಳಿಸಿದರು. ಮುಂದಿನ ಕೋಣೆಗೆ ಹೋಗಿ, ಬಟ್ಟೆಗಳ ರಾಶಿಯ ಮುಂದೆ ನಿಂತು, ಯಾವ ಬಣ್ಣ ಎಂದು ಯೋಚಿಸುತ್ತಾ ಎಷ್ಟು ಹೊತ್ತು ನಿಂತೆನೋ. ಆಮೇಲೆ ಅಯ್ಯನವರು ಬಂದು, ಕರಡಿಗೆಯಿಂದ ಲಿಂಗ ತೆಗೆದು ಅವಳ ಎಡಗೈಯಲ್ಲಿಟ್ಟರು. ಕೂರಿಸಿದಂತೆಯೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿದರು.

ಭಾಗ್ಯಳ ಮದುವೆ ನಿಲ್ಲಿಸುವುದು ಬೇಡ, ಈಗ ಬಿಟ್ಟರೆ ವರ್ಷ ಕಾಯಬೇಕು ಎಂದು ಎರಡೂ ಕಡೆಯ ಹಿರಿಯರು ಹೇಳಿದರು. ದಿನ ಹತ್ತಿರ ಇತ್ತು. ಒಂದು ತೋಳಿಗೆ ಗಿಳಿ, ಇನ್ನೊಂದು ತೋಳು ಬರಿದು. ಆ ರವಿಕೆ ಬಿಟ್ಟು ಬೇರೆಯದನ್ನು ತೊಡುವುದಿಲ್ಲ ಎಂದಳು ಭಾಗ್ಯ. ಜೋರಾಗಿ ಹೇಳಲಿಲ್ಲ. ರೊಟ್ಟಿ ತಟ್ಟುತ್ತಾ ಹೇಳಿದಳು. ಅತ್ತಿಗೆಮ್ಮನ ಪಕ್ಕ ಕೂತು ನೋಡಿ ನೋಡಿ ಯಂತ್ರ ನಡೆಸಲು ನನಗೂ ಬರುತ್ತಿತ್ತು. ಗಿಳಿಯ ಚಿತ್ರ ಕಂಪ್ಯೂಟರಿನಲ್ಲಿತ್ತು.

"ಅತ್ತಿ, ಅವ್ವನ ಪೆನ್‌ಡ್ರೈವ್ ಎಲ್ಲೈತಿ?" ಎಂದು ಕೇಳಿದಳು.

ಹುಡುಕಿದೆವು. ಡ್ರಾಯರು, ಬಾಬಿನ್ ಡಬ್ಬಿ, ಆಸ್ಪತ್ರೆಯಿಂದ ತಂದ ಬಟ್ಟೆಯ ಗಂಟು. ಹುಡುಕುವುದನ್ನು ನೋಡುತ್ತಾ ಕಟ್ಟೆಯ ಮೇಲೆ ಕೂತಿದ್ದ ಸಂಗಮ್ಮ ಕೇಳಿದಳು:

"ಏನು ಹುಡುಕಾಕ ಹತ್ತೀರವ್ವ?"

"ಅತ್ತಿಗೆಮ್ಮಂದು ಒಂದು ಕಾವಿ ಚೀಲ ಇತ್ತಲ್ಲಬೇ. ಕೊರಳಾಗ."

"ಶಿವದಾರಕ್ಕ ಇದ್ದದ್ದೇನು? ಅದನ್ನ ತಗೀಬ್ಯಾಡ್ರಿ ಅಂತ ನಾನ ಹೇಳಿದೆ. ಮಠದ ಭಸ್ಮದ ಚೀಲ ಅಂತ ತಿಳಕೊಂಡೆ. ಶಿವದಾರಕ್ಕ ಇದ್ದದ್ದು ಆಕಿ ಸಂಗಾಟ ಹೋಗ್ಬೇಕಲ್ಲ." ಸಂಗಮ್ಮ ನಮ್ಮ ಮುಖಗಳನ್ನು ನೋಡಿದಳು. "ಯಾಕ? ಭಸ್ಮ ಅಲ್ಲೇನು ಅದು?"

ಅಲ್ಲ ಎಂದು ನಾನು ತಲೆಯಾಡಿಸಿದೆ. ಆಮೇಲೆ ಭಾಗ್ಯ ನಕ್ಕಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಸಂಗಮ್ಮ ಗಾಬರಿಯಾದಳು. ಮದ್ದೂರಿನಿಂದ ಬಂದಿದ್ದ ಅತ್ತಿಗೆಮ್ಮನ ತಮ್ಮ ಗಂಟಲು ಸರಿಮಾಡಿಕೊಂಡು, "ಅಯ್ಯನೋರನ್ನ ಒಂದು ಮಾತು ಕೇಳಿ ನೋಡಾಣೇನ್ರಿ ಮಾವ? ಮಣ್ಣು ಇನ್ನಾ ಹಸೀನ ಐತಿ," ಎಂದ.

ಅಣ್ಣ ಬಾಗಿಲ ಹತ್ತಿರ ಕೂತಿದ್ದ. ತಲೆ ಎತ್ತಲಿಲ್ಲ.

"ಇರ್ಲಿ ಬಿಡು. ಅಲ್ಲಿ ಎದಕ್ಕ ಹಚ್ಚತಾಳಂತ ಆಕಿಗೇ ಗೊತ್ತು."

ನಾನು ಮಕ್ತಲ್ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದೆ. ಪೆನ್‌ಡ್ರೈವ್ ಬೇಕು ಎಂದೆ. "ಪೆದ್ದದಿ ತೀಸ್ಕೋ ಅಕ್ಕಾ, ಎನ್ನೇಳ್ಳೈನಾ ನಿಂಡದು," ಎಂದ ಅಂಗಡಿಯವನು. ದೊಡ್ಡದು ತಗೋ, ಎಷ್ಟು ವರ್ಷವಾದರೂ ತುಂಬುವುದಿಲ್ಲ ಎಂದು. ತುಂಬದಿದ್ದರೆ ಒಳ್ಳೆಯದೇ ಎಂದುಕೊಂಡು ತಂದೆ. ಎದಕ್ಕ ಹಚ್ಚಾಕ ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಗಿಳಿಯನ್ನು ಅದಕ್ಕೆ ಹಾಕಿ ಸಿಕ್ಕಿಸಿದರೆ ಯಂತ್ರದ ಪರದೆಯಲ್ಲಿ ಏನೂ ಬರಲಿಲ್ಲ. ಫಾರ್ಮ್ಯಾಟ್ ಮಾಡಬೇಕು ಎಂದು ನೆನಪಾಯಿತು. ಕಂಪ್ಯೂಟರಿಗೆ ಹಚ್ಚಿ, ಅತ್ತಿಗೆಮ್ಮ ಮಾಡುತ್ತಿದ್ದಂತೆ ಮೌಸಿನ ಬಲಗಡೆಯ ಗುಂಡಿ ಒತ್ತಿ, ಫಾರ್ಮ್ಯಾಟ್ ತೆರೆದೆ. ಅವಳು ಆರಿಸುತ್ತಿದ್ದ ಫ್ಯಾಟ್ ಥರ್ಟಿಟೂ ಸಾಲು ಅಲ್ಲಿ ಇರಲಿಲ್ಲ. ಎನ್‌ಟಿಎಫ್‌ಎಸ್ ಇತ್ತು, ಎಕ್ಸ್‌ಫ್ಯಾಟ್ ಇತ್ತು. ಮುಚ್ಚಿ ಮತ್ತೆ ತೆರೆದೆ. ಇರಲಿಲ್ಲ. ಭಾಗ್ಯ ಫೋನಿನಲ್ಲಿ ಹುಡುಕಿ, ಇಷ್ಟು ದೊಡ್ಡದಕ್ಕೆ ಕಂಪ್ಯೂಟರು ಅದನ್ನು ತೋರಿಸುವುದಿಲ್ಲವಂತೆ ಎಂದಳು. ತಿಳಿದವರಿಗೆ ಬೇರೆ ದಾರಿ ಗೊತ್ತಿರಬಹುದು. ನಮಗೆ ಗೊತ್ತಿದ್ದದ್ದು ಅವಳು ತೋರಿಸಿದ ದಾರಿ ಒಂದೇ. ಅಣ್ಣ ನಾರಾಯಣಪೇಟೆಯಲ್ಲಿ ವಿಚಾರಿಸಿದ. ಸಣ್ಣವು ಈಗ ಬರುವುದಿಲ್ಲ ಎಂದರಂತೆ.

ಜರಿ ದಾರವೂ ಮುಗಿದಿತ್ತು. ಗದ್ವಾಲಿಗೆ ಹೊರಟೆ. ಮೊದಲೆಲ್ಲ ಇಬ್ಬರೂ ಹೋಗುತ್ತಿದ್ದೆವು. ಜೂರಾಲ ಅಣೆಕಟ್ಟಿನ ಹತ್ತಿರ ನೀರು ಕಂಡಾಗ ಅವಳು ನನ್ನ ಮೊಣಕೈ ಒತ್ತಿ, "ನೋಡು," ಎನ್ನುತ್ತಿದ್ದಳು. ಪ್ರತಿ ಸಲ. ಅವತ್ತು ನೀರು ದಾಟಿದ್ದು ನನಗೆ ಗೊತ್ತಾಗಲಿಲ್ಲ. ಗದ್ವಾಲ್ ಬಂತು, ಇಳಿರಿ ಎಂದು ಕಂಡಕ್ಟರು ಕೂಗಿದ ಮೇಲೆ ಇಳಿದೆ.

ದಾರದ ಅಂಗಡಿಯ ಮಸ್ತಾನ್ ಭಾಯಿ ಹಲಗೆಯ ಮೇಲೆ ಕೂತು ಹಾಡು ಕೇಳುತ್ತಿದ್ದರು. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ ಕೇಳಿದರು.

"ಆಪಾ ಕೈಕು ನೈ ಆಯೆ?" ಅಕ್ಕ ಯಾಕೆ ಬರಲಿಲ್ಲ ಎಂದು.

"ಆಕಿ ಹೋದ್ಲು ಭಾಯಿ."

"ಎಲ್ಲಿಗೆ?" ಎಂದರು. ಆಮೇಲೆ ನನ್ನ ಮುಖ ನೋಡಿದರು. ಕೈ ಚಾಚಿ ಹಾಡು ನಿಲ್ಲಿಸಿದರು. ಸ್ವಲ್ಪ ಹೊತ್ತು ದಾರದ ರೀಲುಗಳನ್ನು ಒಂದರ ಪಕ್ಕ ಒಂದು ಸರಿಯಾಗಿ ಜೋಡಿಸಿದರು. ಅವು ಮೊದಲೇ ಸರಿಯಾಗಿದ್ದವು.

ಜರಿ ಕೊಟ್ಟರು. ನಾನು ತೋಳಿನ ವಿಷಯ ಹೇಳಿದೆ, ಸಣ್ಣ ಪೆನ್‌ಡ್ರೈವ್ ಗದ್ವಾಲಿನಲ್ಲಿ ಸಿಗುತ್ತದೆಯೇ ಎಂದು ಕೇಳಿದೆ. ಅವರು ಹಾಡು ಬರುತ್ತಿದ್ದ ಪುಟ್ಟ ಡಬ್ಬಿಯಿಂದ ಪೆನ್‌ಡ್ರೈವ್ ಕಿತ್ತು ನನ್ನ ಮುಂದಿಟ್ಟರು.

"ಇದು ಆಪಾನ ಕೊಟ್ಟಿದ್ದು. ಹಳೇ ಹಾಡು ಹಾಕಿ ಕೊಡ್ರಿ ಅಂದೆ ನಾನು. ಏನಂದ್ರು ಗೊತ್ತೈತಿ? ಕಿಸ್ಕು ಲಗಾತೆ ಭಾಯಿ, ಅಂದ್ರು. ಎದಕ್ಕ ಹಚ್ಚತೀರಿ ಅಂತ. ಈ ಡಬ್ಬಾ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿದ್ರು, ಡಾಕ್ಟರ್ ನೋಡ್ದಂಗ. ಬಾಯಿ ತಗಿ ಅನ್ನೋದೊಂದು ಬಾಕಿ." ಪೆನ್‌ಡ್ರೈವನ್ನು ನನ್ನ ಕಡೆ ಇನ್ನಷ್ಟು ತಳ್ಳಿದರು. "ತಗೊಂಡು ಹೋಗ್ರಿ. ಒಳಗಿಂದು ಅಳಸ್ರಿ. ಹಾಡು ಹೋದ್ರ ಹೋಗ್ತಾವ. ಹುಡುಗಿ ಜಂಪರ ಆಗ್ಲಿ."

ಮನೆಗೆ ಬಂದು ಕಂಪ್ಯೂಟರಿಗೆ ಹಚ್ಚಿದೆ. ಪರದೆಯ ಮೇಲೆ ಪೆನ್‌ಡ್ರೈವಿನ ಹೆಸರು ಬಂತು: ಮಸ್ತಾನ್ ಭಾಯಿ. ಇಂಗ್ಲಿಷ್ ಅಕ್ಷರಗಳಲ್ಲಿ ಅತ್ತಿಗೆಮ್ಮ ಬರೆದದ್ದು. ಯಾರಿಗಾದರೂ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಹೆಸರಿನ ಜಾಗದಲ್ಲಿ ಅವರ ಹೆಸರು ಹಾಕಿಯೇ ಕೊಡುತ್ತಿದ್ದಳು. ಒಳಗೆ ಹಾಡುಗಳು ಸಾಲಾಗಿ ಇದ್ದವು. ಅವನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಂಡು ಆಮೇಲೆ ಅಳಿಸೋಣ ಎಂದುಕೊಂಡೆ. ಉಳಿಸಿಕೊಂಡೆ. ಫಾರ್ಮ್ಯಾಟ್ ತೆರೆದೆ. ಈಗ ಯಾವ ಫಾರ್ಮ್ಯಾಟಿನಲ್ಲಿದೆ ಎಂದು ಅಲ್ಲಿ ತೋರಿಸುತ್ತದೆ. ಫ್ಯಾಟ್ ಥರ್ಟಿಟೂ ಎಂದಿತ್ತು.

ಕೈ ಅಲ್ಲೇ ನಿಂತಿತು. ಅಳಿಸುವ ಅವಶ್ಯಕತೆಯೇ ಇರಲಿಲ್ಲ. ಆ ಡಬ್ಬಿಗೆ ಬೇಕಾದದ್ದೂ ನಮ್ಮ ಯಂತ್ರಕ್ಕೆ ಬೇಕಾದದ್ದೂ ಒಂದೇ. ಅವಳು ಅದನ್ನು ಎಂದೋ ಮಾಡಿಟ್ಟಿದ್ದಳು. ಫಾರ್ಮ್ಯಾಟ್ ಮುಚ್ಚಿ, ಹಾಡುಗಳ ಪಕ್ಕದಲ್ಲಿ ಗಿಳಿಯನ್ನು ಹಾಕಿದೆ.

ಯಂತ್ರಕ್ಕೆ ಸಿಕ್ಕಿಸಿದೆ. ಹಾಡುಗಳು ಅದಕ್ಕೆ ಕಾಣಲಿಲ್ಲ. ಗಿಳಿ ಒಂದೇ ಕಂಡಿತು. ಚೌಕಟ್ಟಿಗೆ ಬಟ್ಟೆ ಬಿಗಿದೆ. ಬೆರಳು ಶುರು ಮಾಡುವ ಗುಂಡಿಗೆ ಹೋಯಿತು, ಅಲ್ಲಿಂದ ವಾಪಸು ಬಂದು ಕನ್ನಡಿ ಗುಂಡಿ ಒತ್ತಿತು. ಪರದೆಯ ಮೇಲೆ ಗಿಳಿ ತಿರುಗಿ ಕೂತಿತು. ಆಮೇಲೆ ಶುರು ಒತ್ತಿದೆ.

ಯಂತ್ರದ ಸದ್ದು ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು. ಸೂಜಿ ಗಿಳಿಯ ಬಾಲದ ಹತ್ತಿರ ಇದ್ದಾಗ ಒಳಗಿನಿಂದ ಅಣ್ಣ ಬೇಗ ಬೇಗ ಬಂದ. ಊಟದ ಕೈ ತೊಳೆದಿರಲಿಲ್ಲ. ಬಾಗಿಲಲ್ಲಿ ನಿಂತು ಯಂತ್ರದ ಮುಂದಿನ ಕುರ್ಚಿ ನೋಡಿದ. ನಾನಿದ್ದೆ.

"ನೀನೇನು?" ಎಂದ.

"ಹೂಂ ಅಣ್ಣಾ."

"ಮಾಡು ಮಾಡು," ಎಂದು ಒಳಗೆ ಹೋದ.

ಮದುವೆಯಲ್ಲಿ ಭಾಗ್ಯ ಹಿರಿಯರ ಮುಂದೆ ನಿಂತು ಕೈ ಜೋಡಿಸಿದಳು. ತೋಳುಗಳು ಒಳಕ್ಕೆ ತಿರುಗಿದವು. ಎರಡು ದಪ್ಪ ಗಿಳಿಗಳು ಕೊಕ್ಕಿಗೆ ಕೊಕ್ಕು ಎದುರಾದವು. ಸುಣ್ಣದ ಕಡ್ಡಿಯಿಂದ ಗುರುತು ಹಾಕಿದ ಕಡೆಯೇ. ಪಕ್ಕದಲ್ಲಿದ್ದವರು ನನ್ನ ಭುಜ ಹಿಡಿದುಕೊಂಡರು. ನನಗೆ ಅಳು ಬರುತ್ತದೆ ಎಂದುಕೊಂಡಿದ್ದರೇನೋ. ಎಲ್ಲಿಯಾದರೂ ದಾರ ಬಿಟ್ಟಿದೆಯೇ ಎಂದು ನಾನು ನೋಡುತ್ತಿದ್ದೆ. ಎಲ್ಲೂ ಬಿಟ್ಟಿರಲಿಲ್ಲ.

ಅದಾದ ಮೇಲೆ ಮಸ್ತಾನ್ ಭಾಯಿಯ ಪೆನ್‌ಡ್ರೈವ್ ಕೊಡಲು ಗದ್ವಾಲಿಗೆ ಹೋದೆ. ಡಬ್ಬಿಗೆ ಸಿಕ್ಕಿಸಿದರು. ಹಾಡು ಬಂತು. ಅವರು ನನ್ನನ್ನು ನೋಡಿದರು.

"ಅಳಿಸಿಲ್ಲ?"

"ಅಳಸಾದು ಬ್ಯಾಡಾತು ಭಾಯಿ. ಗಿಳೀನೂ ಅದರಾಗ ಐತಿ. ತಗೀಲೇನು?"

"ಇರ್ಲಿ. ಅದೇನು ದಾಣಿ ಕೇಳ್ತೈತಿ?" ಎಂದರು. ಆಮೇಲೆ ಗಲ್ಲೆಯ ಕೆಳಗಿನಿಂದ ಕಾಗದದಲ್ಲಿ ಸುತ್ತಿದ ಒಂದು ಸಣ್ಣ ಪೆನ್‌ಡ್ರೈವ್ ತೆಗೆದು ಕೊಟ್ಟರು. ರಾಯಚೂರಿನಲ್ಲಿ ಹುಡುಕಿಸಿ ತರಿಸಿದ್ದರಂತೆ. "ಎದಕ್ಕ ಹಚ್ಚಾಕ ಅಂತ ಹೇಳಿ ತರಿಸೀನಿ," ಎಂದರು.

ಮನೆಗೆ ಬಂದು ಮೊದಲು ಮಿಕ್ಕ ಕಾವಿ ಬಟ್ಟೆಯಲ್ಲಿ ಒಂದು ಚೀಲ ಹೊಲಿದೆ. ಕೊರಳಿಗೆ ಕಟ್ಟಿಕೊಳ್ಳಲಿಲ್ಲ. ಯಂತ್ರದ ಪಕ್ಕದ ಮೊಳೆಗೆ ತೂಗುಹಾಕಿದೆ. ಆಮೇಲೆ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಚ್ಚಿ ಫಾರ್ಮ್ಯಾಟ್ ತೆರೆದೆ. ಈ ಸಲ ಆ ಸಾಲು ಇತ್ತು. ಅದನ್ನೇ ಆರಿಸಿದೆ. ಕೆಳಗೆ ಹೆಸರು ಬರೆಯುವ ಜಾಗ. ಗೆರೆಯೊಂದು ಅಲ್ಲಿ ಮಿಣುಕುತ್ತಾ ನಿಂತಿತ್ತು. ಅವಳ ಹೆಸರು ಬರೆಯಲು ಹೋಗಿ ಬಿಟ್ಟೆ. ನನ್ನ ಹೆಸರು ಬರೆಯಲು ಮನಸ್ಸಾಗಲಿಲ್ಲ. ಹಾಗೇ ಖಾಲಿ ಬಿಟ್ಟು ಶುರು ಒತ್ತಿದೆ.

ಇದರಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಬೇಕೇ ಎಂದು ಕಂಪ್ಯೂಟರು ಕೇಳಿತು.

ಅದರಲ್ಲಿ ಏನೂ ಇರಲಿಲ್ಲ. ಹೌದು ಎಂದು ಒತ್ತಿದೆ.